ಪೂಲ್‌ನಲ್ಲಿ ಮೆತ್ತಗೆ ಬ್ರೇಕ್ ಹೊಡೆದೇ ಟೈಟಲ್ ಗೆದ್ದೆ: ನನ್ನ ಅನುಭವ

"ಇವ್ನು ಬ್ರೇಕ್ ಹೊಡೀತಾನೋ, ಬಾಲ್ ಒರೆಸ್ತಾನೋ" ಅಂತ ಎರಡು ವರ್ಷ ನಕ್ಕಿದ್ದಾರೆ. ಬ್ರೇಕ್ ಅಂದ್ರೆ ಜೋಡಿಸಿಟ್ಟ ಬಾಲ್‌ಗಳನ್ನ ಬಿಳಿ ಕ್ಯೂ ಬಾಲ್‌ನಿಂದ ಚದುರಿಸೋ ಮೊದಲ ಹೊಡೆತ. ಈಗ ಟ್ರೋಫಿ ನನ್ನ ಹತ್ರ ಇದೆ, ಅದಕ್ಕೇ ಬರೀತಿದೀನಿ.

ಮೊದ್ಲು ನಾನೂ ಮೈಯೆಲ್ಲಾ ಹಾಕಿ ಗುದ್ದೋನೇ. ಸದ್ದು ಜೋರು, ಬಾಲ್ ಬೀಳ್ತಿತ್ತು, ಹಿಂದೇನೇ ಕ್ಯೂ ಬಾಲೂ ಪಾಕೆಟ್‌ಗೆ. ಒಂದು ಸೆಮಿಫೈನಲ್, ನೈನ್ ಬಾಲ್ (ಟೇಬಲ್ ಮೇಲಿರೋ ಚಿಕ್ಕ ನಂಬರ್ ಬಾಲ್‌ಗೇ ಮೊದ್ಲು ಹೊಡೀಬೇಕಾದ ಪೂಲ್ ಆಟ), 8-8, ಬ್ರೇಕ್ ನಂದು, ಕ್ಯೂ ಬಾಲ್ ಟೇಬಲ್ಲೇ ಬಿಟ್ಟು ಹಾರಿ ರೆಫರಿ ಶೂ ಹತ್ರ ಹೋಗಿ ನಿಂತ್ಕೊಳ್ತು. ಎದುರಾಳಿ ಬಾಲ್ ಇನ್ ಹ್ಯಾಂಡ್ (ಕ್ಯೂ ಬಾಲ್‌ನ ಬೇಕಾದ ಕಡೆ ಇಟ್ಟು ಹೊಡೆಯೋ ಅವಕಾಶ) ತಗೊಂಡು ಉಳಿದಿದ್ದೆಲ್ಲಾ ಕ್ಲಿಯರ್ ಮಾಡ್ದ, ನಾನು ಕುರ್ಚೀಲಿ ಕೂತು ಸುಮ್ನೆ ಚಾಕ್ ಉಜ್ತಾ ಇದ್ದೆ.

ಆಗ ಎಂಟ್ರಿ ಫೀ, ಟಿಕೆಟ್ಟು, ರೂಮು ಎಲ್ಲಾ ಬ್ಯಾಕರ್ ಹಾಕ್ತಿದ್ದ, ಗೆದ್ದಿದ್ರಲ್ಲಿ ಅರ್ಧ ಅವನಿಗೆ. ನಾಲ್ಕು ಟೂರ್ನಮೆಂಟ್ ಬರಿಗೈಲಿ ಬಂದ್ಮೇಲೆ ಫೋನ್ ಎತ್ತೋದೇ ಬಿಟ್ಟ. ನನ್ನ ಹಳೇ ಕ್ಯೂ (ಆಡೋ ಕೋಲು) ಮಾರಿ ಮುಂದಿನ ಎರಡಕ್ಕೆ ಎಂಟ್ರಿ ಕಟ್ದೆ.

ಆಮೇಲೆ ನೋಟ್‌ಬುಕ್ ಹಿಡ್ಕೊಂಡು ಲೆಕ್ಕ ಬರೆಯೋಕೆ ಶುರು ಮಾಡ್ದೆ, ಮೂರು ತಿಂಗಳಲ್ಲಿ ಎರಡು ಸಾವಿರ ಬ್ರೇಕ್ ಆಗಿರ್ಬೇಕು. ಫುಲ್ ಪವರ್‌ನಲ್ಲಿ 100ಕ್ಕೆ 60 ಸಲ ಏನಾದ್ರೂ ಬೀಳುತ್ತೆ, ಆದ್ರೆ ಮುಂದಿನ ಬಾಲ್‌ಗೆ ನೇರ ಶಾಟ್ ಸಿಗೋದು 30 ಸಲ ಇದ್ರೆ ಹೆಚ್ಚು. 70 ಪರ್ಸೆಂಟ್‌ಗೆ ಇಳಿಸಿ, ಸೈಡ್ ರೈಲ್ (ಟೇಬಲ್ ಅಂಚು) ಹತ್ರದಿಂದ ಒಂದನೇ ಬಾಲ್‌ನ ಓರೆಯಾಗಿ ಕಟ್ ಮಾಡಿ ಸೈಡ್ ಪಾಕೆಟ್‌ಗೆ ಕಳಿಸೋಕೆ ನೋಡ್ದೆ, ಕ್ಯೂ ಬಾಲ್ ಟೇಬಲ್ ಮಧ್ಯ ನಿಲ್ಲೋಕೆ ಶುರು ಆಯ್ತು, ನೇರ ಶಾಟ್ 50ರ ಹತ್ರ ಬಂತು.

"ಅಷ್ಟೇ ಅಷ್ಟು ವ್ಯತ್ಯಾಸಕ್ಕೆ ಇಷ್ಟೆಲ್ಲಾ ಬೇಕಾ" ಅಂದವರಿಗೆ ನಾನು ಹೇಳೋದು ಪೂಲ್ ದಿಗ್ಗಜರಾದ ಎಫ್ರೆನ್ ರೇಯೆಸ್, ಅರ್ಲ್ ಸ್ಟ್ರಿಕ್ಲೆಂಡ್ ನಡುವಿನ 1996ರ ಮ್ಯಾಚ್. ರೇಸ್ ಟು 120, ಅಂದ್ರೆ ಮೊದ್ಲು 120 ರ್ಯಾಕ್ (ಒಂದೊಂದು ಆಟ) ಗೆದ್ದೋನಿಗೆ ಮ್ಯಾಚ್. ಮೂರು ದಿನ ಆಡಿ ರೇಯೆಸ್ ಗೆದ್ದಿದ್ದು 120-117. 237 ರ್ಯಾಕ್ ಆಡಿ ಮೂರೇ ರ್ಯಾಕ್ ವ್ಯತ್ಯಾಸ ಮಾರಾಯ್ರೇ!

ತೀರಾ ಮೆತ್ತಗಾದ್ರೂ ಕಷ್ಟ. ಬಿದ್ದಿದ್ದೂ, ಹೆಡ್ ಸ್ಟ್ರಿಂಗ್ (ಬ್ರೇಕ್ ಹೊಡೆಯೋ ಕಡೆಯ ಗೆರೆ) ದಾಟಿದ್ದೂ ಸೇರಿ ಮೂರು ಬಾಲ್ ಆಗ್ಲೇಬೇಕು ಅನ್ನೋ ರೂಲ್ ಇರೋ ಕಡೆ ಮೂರು ಸಲ ನನ್ನ ಬ್ರೇಕ್ ಇಲ್ಲೀಗಲ್ ಅಂದ್ರು. ಒಂಬತ್ತನೇ ಬಾಲ್‌ನ ಸ್ಪಾಟ್ (ಟೇಬಲ್ ಮೇಲಿನ ಗುರುತು) ಮೇಲಿಟ್ಟು ಬಾಲ್ ಜೋಡಿಸಿದ್ರಂತೂ ಆ ಜೋಡಣೆಯ ಮೂಲೆ ಬಾಲ್ ಬೀಳೋದೇ ಕಮ್ಮಿ, ಆ ಆಸೆ ಬಿಡಿ.

ಮಧ್ಯೆ ಬ್ರೇಕ್ ಹೊಡೆಯೋ ಕ್ಯೂ ತುದಿಗೆ ಲೆದರ್ ಟಿಪ್ ಹಾಕಿ ನೋಡ್ದೆ, ಸ್ಪಿನ್ ಸಿಗುತ್ತೆ ಅಂತ. ವಾರಕ್ಕೆ ಅಣಬೆ ತರ ಅಗಲ ಆಗೋಯ್ತು. ಗಟ್ಟಿ ಫಿನಾಲಿಕ್ (ಒಂಥರಾ ಪ್ಲಾಸ್ಟಿಕ್) ಟಿಪ್‌ಗೇ ವಾಪಸ್ ಬಂದೆ. ಹೊಸ ಬಟ್ಟೆ ಹಾಕಿದ ಟೇಬಲ್‌ನಲ್ಲಿ ಬಾಲ್ ಜಾರುತ್ತೆ, ಅಲ್ಲಿ ಇನ್ನೂ ಸ್ವಲ್ಪ ಪವರ್ ಇಳಿಸ್ತೀನಿ. ಎಷ್ಟು ಅಂತ ಕೇಳ್ಬೇಡಿ. ಕ್ಯೂ ಬಾಲ್ ರೈಲ್‌ನಿಂದ ಎಷ್ಟು ಬೆರಳು ದೂರ ಇಡ್ತೀನಿ ಅನ್ನೋದನ್ನೂ ಹೇಳಲ್ಲ, ಅದೇ ನನ್ನ ಅನ್ನ.

ಫೈನಲ್‌ನಲ್ಲಿ ಕೊನೇ ಐದು ಬ್ರೇಕ್‌ಗಳಲ್ಲಿ ನಾಲ್ಕು ಸಲ ಒಂದನೇ ಬಾಲ್ ಸೈಡ್‌ಗೇ ಹೋಯ್ತು. ದುಡ್ಡು ಕೈಗೆ ಬಂದ ತಕ್ಷಣ ಸಾಲ ತೀರಿಸಿ, ಮಾರಿದ್ದ ಕ್ಯೂ ವಾಪಸ್ ಕೇಳೋಕೆ ಹೋದೆ. "ಚಾಂಪಿಯನ್ ಆಡಿದ ಕ್ಯೂ, ಈಗ ರೇಟ್ ಡಬಲ್" ಅಂದ ಪುಣ್ಯಾತ್ಮ.