‘ಎರಡು ಗಂಟೆಯಿಂದ ಕಾಯ್ತಿದ್ದೀನಿ’ ಅಂದರೆ ಎಷ್ಟು ಹೊತ್ತು?

ಭಾನುವಾರ ಬೆಳಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಐದಾರು ಜನಕ್ಕೆ ಕನ್ನಡ ಹೇಳಿಕೊಡುತ್ತೇನೆ. ಎಲ್ಲರ ಮನೆಮಾತೂ ಹಿಂದಿ. ತರಕಾರಿ ಅಂಗಡಿ, ಆಟೋ ಮಾತು ಬೇಗ ಬರುತ್ತದೆ. ಎಡವುವುದು ‘ಗಂಟೆ’ ಹತ್ತಿರ. ನೀವೂ ಯಾರಿಗಾದರೂ ಕಲಿಸುತ್ತಿದ್ದರೆ ಹೀಗೆ ಮಾಡಿ ನೋಡಿ.

ಮೊದಲ ದಿನ ದೇವರ ಮನೆಯ ಗಂಟೆ ತೆಗೆದುಕೊಂಡು ಹೋಗಿ. ಮೂರು ಸಲ ಬಾರಿಸಿ, ‘ಗಂಟೆ ಎಷ್ಟು?’ ಅಂತ ಕೇಳಿ. ಬಾರಿಸುವ ಗಂಟೆಯೇ ಗಡಿಯಾರದ ಗಂಟೆಯೂ ಆಯ್ತು ಅಂತ ಅಲ್ಲೇ ಹೊಳೆಯುತ್ತದೆ. ಹಿಂದಿಯ ‘ಘಂಟಾ’ ಅಂದರೂ ಬಾರಿಸುವ ಗಂಟೆ, 60 ನಿಮಿಷದ ಹೊತ್ತು ಎರಡೂ. ಆದರೆ ಗಡಿಯಾರ ನೋಡಿ ಹೇಳುವಾಗ ಅವರು ‘ಬಜೇ’ ಅನ್ನುತ್ತಾರೆ. ನಮಗೆ ಕಳೆದ ಹೊತ್ತಿಗೂ ಗಡಿಯಾರದ ಸಮಯಕ್ಕೂ ಗಂಟೆಯೇ. ತೊಡಕು ಇರುವುದು ಇಲ್ಲಿ.

‘ಎರಡು ಗಂಟೆಗೆ ಬನ್ನಿ’ ಅಂದರೆ ಗಡಿಯಾರದ ಎರಡು. ‘ಎರಡು ಗಂಟೆ ಕಾದೆ’ ಅಂದರೆ 120 ನಿಮಿಷ. ‘ಎರಡು ಗಂಟೆಯಲ್ಲಿ ಮುಗಿಸ್ತೀನಿ’ ಅಂದರೆ ಅಷ್ಟರೊಳಗೆ. ಇವನ್ನು ಬಾಯಲ್ಲಿ ಹತ್ತು ಸಲ ಹೇಳಿಸಿದರೆ ಸಾಕು.

‘ಗಂಟೆಯಿಂದ’ಕ್ಕೆ ಮಾತ್ರ ಜಾಸ್ತಿ ಹೊತ್ತು ಕೊಡಿ. ಒಬ್ಬರು ನಲ್ಲಿ ರಿಪೇರಿಯವರಿಗೆ ಮೂರು ಗಂಟೆಗೆ ಫೋನ್ ಮಾಡಿ, ‘ಎರಡು ಗಂಟೆಯಿಂದ ಕಾಯ್ತಿದ್ದೀನಿ’ ಅಂದರು. ‘ಒಂದು ಗಂಟೆ ತಾನೇ ಮೇಡಂ ಆಗಿದ್ದು’ ಅಂತ ಉತ್ತರ ಬಂತು. ಪಾಪ, ಅವರು ಒಂದು ಗಂಟೆಗೇ ಕೂತಿದ್ದರು! ಅವರ ಕನ್ನಡ ತಪ್ಪಲ್ಲ. ಆ ಮಾತಿಗೆ ಎರಡೂ ಅರ್ಥ ಇದೆ, ನಾವು ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ ಅಷ್ಟೆ. ಕಳೆದ ಹೊತ್ತೇ ಹೇಳಬೇಕಿದ್ದರೆ ‘ಎರಡು ಗಂಟೆ ಹೊತ್ತಿನಿಂದ’ ಅಥವಾ ‘ಎರಡು ಗಂಟೆಗಳಿಂದ’ ಅನ್ನಬೇಕು. ಗಡಿಯಾರದ ಗಂಟೆಗೆ ‘ಗಳು’ ಸೇರುವುದಿಲ್ಲ. ಈ ಗುರುತು ನನಗೆ ತುಂಬಾ ಇಷ್ಟ.

ಕಾಲು, ಅರ್ಧ ಸುಲಭ. 5.15 ಐದೂಕಾಲು, 5.30 ಐದೂವರೆ. ಬರೀ ‘ಅರ್ಧ ಗಂಟೆ’ ಅಂದರೆ 30 ನಿಮಿಷ. ಮುಕ್ಕಾಲು ಬಂದಾಗ ಹುಷಾರಾಗಿರಿ. ಹಿಂದಿಯವರು 9.45ಕ್ಕೆ ‘ಪೌನೇ ದಸ್’ ಅಂತಾರೆ, ಮುಂದಿನ ಗಂಟೆಯಿಂದ ಕಾಲು ಕಳೆಯುತ್ತಾರೆ. ನಾವು ಆಗಿಹೋದ ಗಂಟೆಗೆ ಮುಕ್ಕಾಲು ಸೇರಿಸುತ್ತೇವೆ: ಒಂಬತ್ತು ಮುಕ್ಕಾಲು. ಕಲಿಯುವವರ ಮನಸ್ಸಿನಲ್ಲಿ ಇದು ಅದಲುಬದಲಾದರೆ ಪೂರ್ತಿ ಒಂದು ಗಂಟೆ ವ್ಯತ್ಯಾಸ ಆಗುತ್ತದೆ.

ಹೋದ ತಿಂಗಳು ‘ಕ್ಲಾಸು ಹತ್ತು ಮುಕ್ಕಾಲಿಗೆ’ ಅಂತ ಮೆಸೇಜ್ ಹಾಕಿದ್ದೆ. ನಾನು ಬಟ್ಟೆ ಒಣಗಿಸಲು ಮೇಲೆ ಹೋದಾಗ ಇನ್ನೂ ಹತ್ತು ಗಂಟೆ. ಒಬ್ಬರು ಆಗಲೇ ನೋಟ್‌ಬುಕ್ ತೆರೆದು ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದರು. ಬಟ್ಟೆ ಬಕೆಟ್ ಪಕ್ಕಕ್ಕಿಟ್ಟು, ಚಾಕ್‌ನಲ್ಲಿ ನೆಲದ ಮೇಲೆ ಗಡಿಯಾರ ಬರೆದು, ಅವತ್ತಿನ ಪಾಠ ಅಲ್ಲಿಂದಲೇ ಶುರುಮಾಡಿದೆ.