1938ರ ಜುಲೈ ತಿಂಗಳಿನ ‘ಮ್ಯಾಲರ್ಡ್’: ಸಿಮ್ಯುಲೇಟರ್ ಆಟಕ್ಕಾಗಿ ಒಂದು ಉಗಿ ಎಂಜಿನ್ನಿನ ಮರುಸೃಷ್ಟಿ

ರೈಲು ಸಿಮ್ಯುಲೇಟರ್ ಆಟಕ್ಕಾಗಿ ಹಳೆಯ ಉಗಿ ಎಂಜಿನ್ನೊಂದನ್ನು ರೂಪಿಸಲು ಹೊರಟವರು ಯಾವ ಎಂಜಿನ್ ಎಂಬುದನ್ನು ಮೊದಲೇ ನಿರ್ಧರಿಸಿರುತ್ತಾರೆ. ಅದು ಯಾವ ದಿನದ ಎಂಜಿನ್ ಎಂಬುದನ್ನೂ ಅಷ್ಟೇ ಖಚಿತವಾಗಿ ನಿರ್ಧರಿಸಿಕೊಳ್ಳಬೇಕು ಎಂಬುದು, ಬ್ರಿಟನ್ನಿನ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯ ಎ4 ವರ್ಗದ ‘ಮ್ಯಾಲರ್ಡ್’ ಎಂಜಿನ್ನನ್ನು ಓಪನ್ ರೈಲ್ಸ್ ಸಿಮ್ಯುಲೇಟರ್‌ಗಾಗಿ ರೂಪಿಸುವಾಗ ನನಗೆ ದೃಢವಾದ ಸಂಗತಿ. 1938ರ ಮಾರ್ಚ್‌ನಲ್ಲಿ ಡಾಂಕಾಸ್ಟರ್ ಕಾರ್ಖಾನೆಯಿಂದ ಹೊರಬಂದು 1963ರ ಏಪ್ರಿಲ್‌ನಲ್ಲಿ ಸೇವೆಯಿಂದ ನಿವೃತ್ತವಾದ ಈ ಎಂಜಿನ್, ಆ ಇಪ್ಪತ್ತೈದು ವರ್ಷಗಳಲ್ಲಿ ಒಂದೇ ರೂಪದಲ್ಲಿ ಉಳಿಯಲಿಲ್ಲ. ಹುಟ್ಟಿದಾಗ 4468 ಆಗಿದ್ದ ಸಂಖ್ಯೆ 1946ರಲ್ಲಿ 22 ಆಯಿತು, ರಾಷ್ಟ್ರೀಕರಣದ ನಂತರ 60022 ಆಯಿತು. ಚಕ್ರಗಳ ಮೇಲ್ಭಾಗವನ್ನು ಮುಚ್ಚುತ್ತಿದ್ದ ಪಕ್ಕದ ತಗಡುಗಳನ್ನು ದುರಸ್ತಿಗೆ ಅಡ್ಡಿಯೆಂದು ಎರಡನೇ ಮಹಾಯುದ್ಧದ ಕಾಲದಲ್ಲಿ ಕಿತ್ತುಹಾಕಿದರು. ಬಣ್ಣ ನೀಲಿಯಿಂದ ಕಪ್ಪಾಯಿತು, ಮತ್ತೆ ನೀಲಿಯಾಯಿತು, ಕೊನೆಗೆ ಹಸಿರಾಯಿತು. ವೇಗದ ದಾಖಲೆಯನ್ನು ಸಾರುವ ಫಲಕಗಳು ಅದರ ಪಕ್ಕಕ್ಕೆ ಬಂದದ್ದು 1948ರಲ್ಲಿ.

ಆದ್ದರಿಂದ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಇಂದು ನಿಂತಿರುವ ಮ್ಯಾಲರ್ಡ್‌ನ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಹಾಗೆಯೇ ಮಾದರಿ ಮಾಡಿದರೆ, 1938ರ ನೀಲಿ ಬಣ್ಣ, 1938ರ ಸಂಖ್ಯೆ ಮತ್ತು 1948ರ ಫಲಕಗಳು ಒಂದೇ ಎಂಜಿನ್ನಿನ ಮೇಲೆ ಕೂಡಿಬರುತ್ತವೆ. ಅಂಥ ಎಂಜಿನ್ ತನ್ನ ಸೇವಾವಧಿಯ ಯಾವ ದಿನವೂ ಹಳಿಯ ಮೇಲೆ ಓಡಿರಲಿಲ್ಲ. ನಾನು 1938ರ ಜುಲೈ ತಿಂಗಳನ್ನು ಆರಿಸಿಕೊಂಡೆ. ಆ ತಿಂಗಳ 3ರಂದು ಸ್ಟೋಕ್ ಇಳಿಜಾರಿನಲ್ಲಿ ಚಾಲಕ ಜೋ ಡಡಿಂಗ್ಟನ್ ಮತ್ತು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮ್ಯಾನ್ ಟಾಮಿ ಬ್ರೇ ಇದನ್ನು ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗಕ್ಕೆ ಒಯ್ದು ಆ ದಾಖಲೆಯನ್ನು ಬರೆದರು. ಆ ಓಟದ ವೇಗ, ಭಾರ ಮತ್ತು ಇಳಿಜಾರು ಮೂರೂ ದಾಖಲಾಗಿರುವುದರಿಂದ, ಮಾದರಿಯನ್ನು ಒರೆಗೆ ಹಚ್ಚಲು ಅದಕ್ಕಿಂತ ಉತ್ತಮವಾದ ದಿನ ಇನ್ನೊಂದಿಲ್ಲ.

ಆಕಾರದ ಕೆಲಸ ನಕಾಶೆಗಳಿಂದ ಆರಂಭವಾಗುತ್ತದೆ. ಹಳೆಯ ಕಾಗದ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗಿರುತ್ತದೆ, ಅದೂ ಉದ್ದಗಲಗಳಲ್ಲಿ ಒಂದೇ ಪ್ರಮಾಣದಲ್ಲಿ ಅಲ್ಲ. ಸ್ಕ್ಯಾನ್ ಮಾಡುವಾಗ ಇನ್ನಷ್ಟು ಓರೆಯಾಗುತ್ತದೆ. ಹೀಗಾಗಿ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು ಅಳೆಯುವ ಬದಲು, ನಕಾಶೆಯಲ್ಲಿ ಅಂಕಿಗಳಲ್ಲಿ ಬರೆದಿರುವ ಅಳತೆಗಳನ್ನು ಮಾತ್ರ ನಂಬಿ ಮೊದಲು ಒಂದು ಅಸ್ಥಿಪಂಜರವನ್ನು ಕಟ್ಟಿಕೊಂಡೆ: 6 ಅಡಿ 8 ಇಂಚು ವ್ಯಾಸದ ಚಾಲಕ ಚಕ್ರಗಳು, ಅವುಗಳ ನಡುವಿನ ಅಂತರ, ಬಾಯ್ಲರಿನ ಮಧ್ಯರೇಖೆಯ ಎತ್ತರ, ಸಿಲಿಂಡರುಗಳ ಓರೆ. ಇವೆಲ್ಲ ಸ್ಥಿರವಾದ ಮೇಲೆಯೇ ಹೊರಕವಚಕ್ಕೆ ಕೈ ಹಾಕಿದೆ. ನಕಾಶೆ ಹೇಳುವುದು ವಿನ್ಯಾಸಕಾರರ ಉದ್ದೇಶವನ್ನು. ಕಾರ್ಖಾನೆಯಲ್ಲಿ ನಿಜವಾಗಿ ಏನಾಯಿತು ಎಂಬುದಕ್ಕೆ ಆ ಕಾಲದ, ದಿನಾಂಕ ಖಚಿತವಿರುವ ಛಾಯಾಚಿತ್ರವೇ ಸಾಕ್ಷಿ. ಎರಡರ ನಡುವೆ ಭಿನ್ನತೆ ಕಂಡಲ್ಲೆಲ್ಲ ನಾನು ಛಾಯಾಚಿತ್ರದ ಪಕ್ಷ ವಹಿಸಿದ್ದೇನೆ.

ಎ4 ಕವಚದ ಸೌಂದರ್ಯವೆಲ್ಲ ಅದರ ವಕ್ರತೆಯಲ್ಲಿದೆ. ಬೆಣೆಯಂತೆ ಮುಂದಕ್ಕೆ ಇಳಿಯುವ ಮೂತಿ, ಚಿಮಣಿಯ ಹಿಂದೆ ಹೊಗೆಯನ್ನು ಮೇಲೆತ್ತಲು ಬಿಟ್ಟಿರುವ ತಗ್ಗು, ವಿಮಾನದ ರೆಕ್ಕೆಯ ಅಡ್ಡನೋಟವನ್ನು ನೆನಪಿಸುವ ಪಕ್ಕದ ಬಾಗು, ಇವು ಒಂದರೊಳಗೊಂದು ಕರಗುವ ರೀತಿಯಲ್ಲಿ ಕಿಂಚಿತ್ ತಪ್ಪಿದರೂ ಆಟದ ಬೆಳಕಿನಲ್ಲಿ ಪ್ರತಿಫಲನ ಮುರಿದು ಕಾಣುತ್ತದೆ. ಬ್ಲೆಂಡರ್ ಎಂಬ ಮೂರು ಆಯಾಮದ ಮಾದರಿ ರಚಿಸುವ ತಂತ್ರಾಂಶದಲ್ಲಿ ಕಪ್ಪು ಬಿಳಿ ಪಟ್ಟೆಗಳ ಪ್ರತಿಬಿಂಬವನ್ನು ಮೇಲ್ಮೈಯ ಮೇಲೆ ಹರಿಸಿ, ಪಟ್ಟೆಗಳು ಎಲ್ಲೂ ಸೊಟ್ಟಗಾಗದೆ ಮೂತಿಯಿಂದ ಕ್ಯಾಬಿನವರೆಗೆ ಸಾಗುವಂತಾಗುವ ತನಕ ತಿದ್ದುತ್ತಾ ಹೋದೆ.

ಚಕ್ರಗಳ ಸುತ್ತಲಿನ ಸರಳು ಸನ್ನೆಕೋಲುಗಳ ವಿಷಯದಲ್ಲಿ 1938ರ ಆಯ್ಕೆ ಒಂದು ಆಮಿಷವನ್ನು ಒಡ್ಡುತ್ತದೆ. ಪಕ್ಕದ ತಗಡುಗಳು ಇದ್ದ ಕಾಲವಾದ್ದರಿಂದ ಸಿಲಿಂಡರಿಗೆ ಉಗಿ ಬಿಡುವ ವಾಲ್ವನ್ನು ನಡೆಸುವ ವಾಲ್ಷಾರ್ಟ್ಸ್ ವಾಲ್ವ್ ಗೇರಿನ ಬಹುಪಾಲು ಮರೆಯಲ್ಲಿರುತ್ತದೆ, ಕೆಳಗೆ ಇಣುಕುವಷ್ಟನ್ನು ಮಾತ್ರ ಮಾಡಿ ಮುಗಿಸಬಹುದು ಎನಿಸುತ್ತದೆ. ನಾನು ಇಡೀ ಗೇರನ್ನು ಮಾಡಿದೆ, ಏಕೆಂದರೆ ಧ್ವನಿಯ ಸಮಯ, ಎಳೆತದ ಏರಿಳಿತ, ಉಗಿ ಹೊರಬರುವ ಕ್ಷಣ ಎಲ್ಲವೂ ಅಲ್ಲಿಂದಲೇ ಹುಟ್ಟುತ್ತವೆ. ಈ ಗೇರಿನಲ್ಲಿ ವಾಲ್ವ್ ಎರಡು ಚಲನೆಗಳ ಮೊತ್ತವನ್ನು ಅನುಸರಿಸುತ್ತದೆ: ಒಂದು ಪಿಸ್ಟನ್ನಿನ ಜೊತೆಗೇ ಹಿಂದೆ ಮುಂದೆ ಸರಿಯುವ ಕ್ರಾಸ್‌ಹೆಡ್‌ನಿಂದ ಬರುತ್ತದೆ, ಇನ್ನೊಂದು ಸುಮಾರು ಕಾಲು ಸುತ್ತಿನ ಅಂತರದಲ್ಲಿ ಚಕ್ರದೊಂದಿಗೆ ತಿರುಗುವ ರಿಟರ್ನ್ ಕ್ರ್ಯಾಂಕ್ ಎಂಬ ತೋಳಿನಿಂದ ಬಾಗಿದ ಲಿಂಕ್ ಮೂಲಕ ಬರುತ್ತದೆ. ಎಂಜಿನ್ನಿನ ದಿಕ್ಕನ್ನೂ ಉಗಿ ಒಳಹೋಗುವ ಹೊತ್ತನ್ನೂ ನಿಯಂತ್ರಿಸುವ ರಿವರ್ಸರನ್ನು ಚಾಲಕ ತಿರುಗಿಸಿದಾಗ ಬದಲಾಗುವುದು ಈ ಎರಡನೆಯದರ ಪಾಲು. ಪ್ರತಿ ಕೀಲಿಗೂ ನಿಜವಾದ ಬಂಧಗಳನ್ನು ಕೊಟ್ಟು, ಚಕ್ರವನ್ನು ತಿರುಗಿಸಿದರೆ ಉಳಿದದ್ದೆಲ್ಲ ತಾನಾಗಿ ಚಲಿಸುವಂತೆ ಮಾಡಿದ ನಂತರವೇ ಆ ಚಲನೆಯನ್ನು ಆಟಕ್ಕೆ ಬೇಕಾದ ಚೌಕಟ್ಟುಗಳಾಗಿ ದಾಖಲಿಸಿದೆ. ಪಿಸ್ಟನ್ನಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಚಕ್ರ ಕಾಲು ಸುತ್ತು ತಿರುಗಿದಾಗ ಪಿಸ್ಟನ್ ತನ್ನ ದಾರಿಯ ಸರಿಯಾದ ನಡುವಿನಲ್ಲಿ ಇರುವುದಿಲ್ಲ. ಕೈಯಿಂದ ಅಂದಾಜಿನಲ್ಲಿ ಚಲನೆ ಕೊಟ್ಟ ಮಾದರಿಗಳಲ್ಲಿ ಕಾಣೆಯಾಗುವುದು ಈ ಸೂಕ್ಷ್ಮವೇ.

ಇನ್ನು ಧ್ವನಿ. ಎರಡು ಸಿಲಿಂಡರುಗಳ ಸಾಮಾನ್ಯ ಎಂಜಿನ್ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ಛುಕ್ ಎನ್ನುತ್ತದೆ. ಮೂರು ಸಿಲಿಂಡರುಗಳ ಎ4 ಆರು ಬಾರಿ ಎನ್ನುತ್ತದೆ. ಮಧ್ಯದ ಸಿಲಿಂಡರ್ ಹೊರಗಿನ ಎರಡಕ್ಕಿಂತ ಹೆಚ್ಚು ಓರೆಯಾಗಿ, ಎಂಟಕ್ಕೆ ಒಂದರ ಇಳುಕಲಿನಲ್ಲಿ ಕೂತಿರುವುದರಿಂದ, ಬಡಿತಗಳು ಸಮವಾಗಿ ಬರಲೆಂದು ಮಧ್ಯದ ಕ್ರ್ಯಾಂಕ್ ಅನ್ನು 120 ಡಿಗ್ರಿಯ ಸ್ಥಾನದಿಂದ ಸುಮಾರು 7 ಡಿಗ್ರಿ ಸರಿಸಿ ಕೂರಿಸಿದ್ದರು. ಮಧ್ಯದ ವಾಲ್ವಿಗೆ ಸ್ವಂತ ಗೇರ್ ಇರಲಿಲ್ಲ; ಹೊರಗಿನ ಎರಡು ವಾಲ್ವುಗಳ ಚಲನೆಯನ್ನು ಸಿಲಿಂಡರುಗಳ ಮುಂದಿರುವ ಸನ್ನೆಕೋಲುಗಳು ಕೂಡಿಸಿ ಮೂರನೆಯದನ್ನು ನಡೆಸುತ್ತಿದ್ದವು. ಎ4 ವಿನ್ಯಾಸಕ ನೈಜೆಲ್ ಗ್ರೆಸ್ಲಿಯವರ ಎಂಜಿನ್ನುಗಳ ಗುರುತೇ ಆದ ಈ ಏರ್ಪಾಟಿನಲ್ಲಿ ಕೀಲುಗಳು ಸವೆದಂತೆ ಸಡಿಲಿಕೆ ಒಂದರ ಮೇಲೊಂದು ಸೇರಿ ಮಧ್ಯದ ವಾಲ್ವಿನಲ್ಲಿ ಪ್ರಕಟವಾಗುತ್ತದೆ. ಯುದ್ಧಕಾಲದಲ್ಲಿ ನಿರ್ವಹಣೆ ಕುಸಿದಾಗ ಬಡಿತಗಳು ಲಯ ತಪ್ಪಿ ಕುಂಟುತ್ತಿದ್ದದ್ದು ಈ ಕಾರಣದಿಂದ. ಹೀಗಾಗಿ ಕುಂಟುವ ಸದ್ದು ಎಷ್ಟೇ ಆಕರ್ಷಕವಾಗಿದ್ದರೂ, ಕಾರ್ಖಾನೆಯಿಂದ ಹೊರಬಂದು ಕೆಲವೇ ತಿಂಗಳಾಗಿದ್ದ ಎಂಜಿನ್ನಿಗೆ ಅದನ್ನು ಕೊಡುವುದು ಸಲ್ಲದು. 1938ರ ಜುಲೈಯ ಮ್ಯಾಲರ್ಡ್‌ಗೆ ಆರೂ ಬಡಿತಗಳನ್ನು ಸಮವಾಗಿಯೇ ಇಟ್ಟಿದ್ದೇನೆ.

ಬಡಿತಗಳ ದರವನ್ನು ಲೆಕ್ಕ ಹಾಕಿ ನೋಡಿದಾಗ ಧ್ವನಿಯನ್ನು ಹೇಗೆ ಕಟ್ಟಬೇಕೆಂಬುದು ತಾನಾಗಿ ಸ್ಪಷ್ಟವಾಯಿತು. ಚಾಲಕ ಚಕ್ರದ ಸುತ್ತಳತೆ ಸುಮಾರು 6.38 ಮೀಟರ್. ಗಂಟೆಗೆ 16 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ನಾಲ್ಕು ಬಡಿತ, 100 ಕಿಲೋಮೀಟರಿನಲ್ಲಿ ಸುಮಾರು 26, ದಾಖಲೆಯ ವೇಗದಲ್ಲಿ ಸುಮಾರು 53. ಸೆಕೆಂಡಿಗೆ ಇಪ್ಪತ್ತು ದಾಟುತ್ತಿದ್ದಂತೆ ಕಿವಿಗೆ ಬಡಿತಗಳು ಬಿಡಿಯಾಗಿ ಕೇಳುವುದು ನಿಂತು ಒಂದು ಮೊರೆತವಾಗಿ ಕೂಡಿಕೊಳ್ಳುತ್ತವೆ. ಆದ್ದರಿಂದ ಕಡಿಮೆ ವೇಗದಲ್ಲಿ ಪ್ರತಿ ಬಡಿತಕ್ಕೂ ಬೇರೆ ಧ್ವನಿತುಣುಕು ನುಡಿಯುವಂತೆ, ವೇಗ ಹೆಚ್ಚಿದಂತೆ ಅದು ನಿರಂತರ ಮೊರೆತಕ್ಕೆ ದಾಟುವಂತೆ, ಆ ಮೊರೆತದ ಶ್ರುತಿ ವೇಗದೊಡನೆ ಏರುವಂತೆ ಜೋಡಿಸಿದೆ. ರಿವರ್ಸರನ್ನು ನಡುವಿನ ಕಡೆಗೆ ತಂದಷ್ಟೂ ಸಿಲಿಂಡರಿಗೆ ಉಗಿ ಕಡಿಮೆ ಹೊತ್ತು ಹೋಗುತ್ತದೆ, ಅದು ಒಳಗೇ ಹೆಚ್ಚು ಹಿಗ್ಗಿ ಕಡಿಮೆ ಒತ್ತಡದಲ್ಲಿ ಹೊರಬೀಳುತ್ತದೆ. ಆಗ ಬಡಿತದ ಗಡಸುತನ ಇಳಿಯಲೇಬೇಕು. ಇಲ್ಲಿಯೂ ದಿನಾಂಕದ ಮಾತು ಬರುತ್ತದೆ. ಮ್ಯಾಲರ್ಡ್ ಹುಟ್ಟುವಾಗಲೇ ಬಳಸಿದ ಉಗಿಯನ್ನು ಸಲೀಸಾಗಿ ಹೊರಬಿಡುವ ಕಿಲ್‌ಚ್ಯಾಪ್ ಜೋಡಿ ಚಿಮಣಿಯನ್ನು ಪಡೆದಿತ್ತು, ಮತ್ತು ಅದರ ನಿಶ್ವಾಸ, ಅಂದರೆ ಉಗಿ ಹೊರಬೀಳುವ ಸದ್ದು, ಮೃದು. ವರ್ಗದ 35 ಎಂಜಿನ್ನುಗಳಲ್ಲಿ ಹೆಚ್ಚಿನವು 1950ರ ದಶಕದ ಕೊನೆಯವರೆಗೂ ಒಂಟಿ ಚಿಮಣಿಯಲ್ಲೇ ಓಡಿದವು. ಉಳಿದುಕೊಂಡಿರುವ ಎ4ಗಳ ಧ್ವನಿಮುದ್ರಣ ಜೋಡಿ ಚಿಮಣಿಯದೇ ಆದ್ದರಿಂದ ನನ್ನ ಆಯ್ಕೆಗೆ ಅದು ನೇರವಾಗಿ ಒದಗಿತು. ಒಂಟಿ ಚಿಮಣಿಯ, 1935ರ ಎ4 ‘ಸಿಲ್ವರ್ ಲಿಂಕ್’ ಮಾಡಲು ಹೊರಟವರಿಗೆ ಈ ಅನುಕೂಲ ಇಲ್ಲ.

ಎಳೆಯುವ ಬಲದ ವಿಷಯದಲ್ಲಿ ಪಠ್ಯಪುಸ್ತಕದ ಸೂತ್ರದಿಂದಲೇ ತೊಡಗಬಹುದು. 18½ ಇಂಚು ವ್ಯಾಸ ಮತ್ತು 26 ಇಂಚು ಓಟದ ಮೂರು ಸಿಲಿಂಡರುಗಳು, ಚದರ ಇಂಚಿಗೆ 250 ಪೌಂಡ್ ಒತ್ತಡದ ಬಾಯ್ಲರ್ ಮತ್ತು ಆ ಚಕ್ರಗಳು ಸೇರಿ, ಒತ್ತಡದ ಶೇಕಡಾ 85ರ ಲೆಕ್ಕದಲ್ಲಿ, 35,455 ಪೌಂಡ್ ಎಳೆತ ಕೊಡುತ್ತವೆ. ಚಾಲಕ ಚಕ್ರಗಳ ಮೇಲಿನ ಭಾರ 66 ಟನ್. ಎಳೆತಕ್ಕೆ ಹೋಲಿಸಿದರೆ ಇದು ನಾಲ್ಕು ಪಟ್ಟಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಅಂದರೆ ಒದ್ದೆ ಹಳಿಯ ಮೇಲೆ, ಸಿಲಿಂಡರಿಗೆ ಉಗಿ ಬಿಡುವ ರೆಗ್ಯುಲೇಟರನ್ನು ಅವಸರದಲ್ಲಿ ತೆರೆದರೆ ಚಕ್ರ ಜಾರಬೇಕು, ಮತ್ತು ನನ್ನ ಮಾದರಿಯಲ್ಲಿ ಜಾರುತ್ತದೆ. ಆಟಗಾರರಿಗೆ ಇದು ಕಷ್ಟವೆಂದು ಚಕ್ರ ಮತ್ತು ಹಳಿಯ ನಡುವಿನ ಅಂಟಿಕೆಯ ಅಂಕಿಯನ್ನು ಉದಾರವಾಗಿ ಏರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಎ4 ಹೊರಡಿಸುವಾಗ ಚಾಲಕ ತೋರಬೇಕಿದ್ದ ತಾಳ್ಮೆಯೂ ಆ ಎಂಜಿನ್ನಿನ ಇತಿಹಾಸದ ಭಾಗವೇ.

ಆದರೆ ಈ ಸೂತ್ರ ಹೊರಡುವ ಕ್ಷಣವನ್ನಷ್ಟೇ ಹೇಳುತ್ತದೆ. ವೇಗದಲ್ಲಿ ಎಂಜಿನ್ನಿನ ಸಾಮರ್ಥ್ಯವನ್ನು ನಿರ್ಧರಿಸುವುದು ಬಾಯ್ಲರ್ ಎಷ್ಟು ಉಗಿ ಕೊಡಬಲ್ಲದು ಮತ್ತು ಬಳಸಿದ ಉಗಿ ಎಷ್ಟು ಸಲೀಸಾಗಿ ಹೊರಹೋಗಬಲ್ಲದು ಎಂಬ ಎರಡು ಸಂಗತಿಗಳು. ಓಪನ್ ರೈಲ್ಸ್‌ನಲ್ಲಿ ಕಲ್ಲಿದ್ದಲು ಉರಿಯುವ ಜಾಲರಿಯ ವಿಸ್ತೀರ್ಣವನ್ನು (ಇಲ್ಲಿ 41.25 ಚದರ ಅಡಿ), ನೀರನ್ನು ಆವಿಯಾಗಿಸುವ ಮೇಲ್ಮೈಯನ್ನು, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರನ್ನು ಪ್ರತ್ಯೇಕವಾಗಿ ಬರೆಯಬಹುದಾದ್ದರಿಂದಲೇ ನಾನು ಅದನ್ನು ಆರಿಸಿಕೊಂಡದ್ದು. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ತೆರೆದರೆ ತಣ್ಣೀರು ಒಳಹೊಕ್ಕು ಒತ್ತಡ ಇಳಿಯುತ್ತದೆ. ಬಲವಾಗಿ ಎಳೆಯುವಾಗ ನಿಶ್ವಾಸವೇ ಬೆಂಕಿಗೆ ಗಾಳಿ ಎಳೆಯುತ್ತದೆ. ಈ ಪರಸ್ಪರ ಅವಲಂಬನೆ ಸರಿಯಾಗಿ ಕೂತರೆ ಫೈರ್‌ಮ್ಯಾನ್ ಕೆಲಸ ಅರ್ಥಪೂರ್ಣವಾಗುತ್ತದೆ.

ಪರೀಕ್ಷೆಗೆ ಎರಡು ಅಳತೆಗೋಲುಗಳನ್ನು ಬಳಸಿದೆ. ಮೊದಲನೆಯದು ದಾಖಲೆಯ ಓಟ: ವೇಗ ಮತ್ತು ಎಳೆತವನ್ನು ಅಳೆಯುವ ಡೈನಮೋಮೀಟರ್ ಬಂಡಿ ಸೇರಿ ಏಳು ಬೋಗಿ, ಸುಮಾರು 240 ಟನ್, ಸ್ಟೋಕ್ ಶಿಖರವನ್ನು ಗಂಟೆಗೆ ಸುಮಾರು 120 ಕಿಲೋಮೀಟರಿನಲ್ಲಿ ದಾಟಿ, ಮುಂದೆ 178ಕ್ಕೆ ಒಂದು, 200ಕ್ಕೆ ಒಂದರ ಇಳಿಜಾರು. ಅದೇ ಭಾರ, ಅದೇ ಇಳಿಜಾರಿನಲ್ಲಿ ಮಾದರಿ 200ರ ಆಸುಪಾಸು ತಲುಪಿ ಅಲ್ಲಿ ಏದುಸಿರು ಬಿಡಬೇಕು. 220ಕ್ಕೆ ಸರಾಗವಾಗಿ ಹೋದರೆ ಹೊರಹೋಗುವ ಉಗಿಯ ಎದುರೊತ್ತಡವನ್ನು ಕಡಿಮೆ ಬರೆದಿದ್ದೇವೆ ಎಂದರ್ಥ. ಎರಡನೆಯದು, ಒಂದು ಪ್ರದೇಶದ ಎಂಜಿನ್ನುಗಳನ್ನು ಬೇರೆ ಪ್ರದೇಶಗಳ ಹಳಿಗಳಲ್ಲಿ ಓಡಿಸಿ ಹೋಲಿಸಿದ 1948ರ ಎಂಜಿನ್ ವಿನಿಮಯ ಪರೀಕ್ಷೆಗಳ ಪ್ರಕಟಿತ ಅಂಕಿ: ಎ4 ಒಂದು ಡ್ರಾಬಾರ್ ಅಶ್ವಶಕ್ತಿ-ಗಂಟೆಗೆ (ಬೋಗಿಗಳನ್ನು ಎಳೆಯಲು ಒಂದು ಅಶ್ವಶಕ್ತಿಯಲ್ಲಿ ಒಂದು ಗಂಟೆ ಮಾಡಿದ ಕೆಲಸಕ್ಕೆ) ಸರಾಸರಿ 3.06 ಪೌಂಡ್, ಅಂದರೆ ಸುಮಾರು 1.39 ಕಿಲೋಗ್ರಾಂ ಕಲ್ಲಿದ್ದಲು ಸುಟ್ಟಿತು. ಅಲ್ಲಿ ಭಾಗವಹಿಸಿದ ಎ4ಗಳು ಜೋಡಿ ಚಿಮಣಿಯವೇ ಆದ್ದರಿಂದ ಹತ್ತು ವರ್ಷಗಳ ಅಂತರವಿದ್ದರೂ ಈ ಅಂಕಿ ನನ್ನ ಮಾದರಿಗೆ ಮಾರ್ಗದರ್ಶಿಯಾಗಬಲ್ಲದು. ವೇಗವೊಂದನ್ನೇ ಹೊಂದಿಸುವುದು ಸುಲಭ. ವೇಗ ಮತ್ತು ಕಲ್ಲಿದ್ದಲು ಎರಡೂ ಒಟ್ಟಿಗೆ ಹೊಂದಿದಾಗ ಮಾತ್ರ ಬಾಯ್ಲರ್ ನಿಜವೆನಿಸುತ್ತದೆ.

ಬಣ್ಣದ ಬಗ್ಗೆ ಒಂದೇ ಎಚ್ಚರಿಕೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಕೆಂಪಿಗೆ ಸ್ಪಂದಿಸುವುದಿಲ್ಲ. ನೀಲಿಯನ್ನು ತಿಳಿಯಾಗಿ, ಕೆಂಪನ್ನು ಹೆಚ್ಚುಕಡಿಮೆ ಕಪ್ಪಾಗಿ ತೋರಿಸುತ್ತದೆ. ಗಾರ್ಟರ್ ನೀಲಿ ಮೈ ಮತ್ತು ಗಾಢ ಕೆಂಪು ಚಕ್ರಗಳ ಈ ಎಂಜಿನ್ನಿನ ವಿಷಯದಲ್ಲಿ, ಕಪ್ಪು ಬಿಳುಪು ಚಿತ್ರದ ಛಾಯೆಯಿಂದ ಬಣ್ಣವನ್ನು ಊಹಿಸಲು ಹೋಗಬಾರದು.

ಈಗ ಅದೇ ಅಸ್ಥಿಪಂಜರದ ಮೇಲೆ 1948ರ ಆವೃತ್ತಿಯನ್ನು ಕಟ್ಟುತ್ತಿದ್ದೇನೆ. ಪಕ್ಕದ ತಗಡುಗಳು ಹೋಗಿ ಇಡೀ ಗೇರ್ ತೆರೆದುಕೊಳ್ಳುತ್ತದೆ, ಫಲಕಗಳು ಬರುತ್ತವೆ. ಆ ವರ್ಷದ ಪರೀಕ್ಷೆಗಳ ವೇಳೆ ಮ್ಯಾಲರ್ಡ್‌ನ ಮಧ್ಯದ ಕನೆಕ್ಟಿಂಗ್ ರಾಡಿನ ಬೇರಿಂಗ್ ಕಾದು ಕೆಟ್ಟಿತ್ತು. ವೇಗದಲ್ಲಿ ಸನ್ನೆಕೋಲುಗಳ ಸಡಿಲಿಕೆಯಿಂದ ಮಧ್ಯದ ವಾಲ್ವ್ ಅಗತ್ಯಕ್ಕಿಂತ ಹೆಚ್ಚು ಸರಿದು, ಮಧ್ಯದ ಸಿಲಿಂಡರ್ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತಿತ್ತು. ಆ ಸವೆತವನ್ನು ಒಂದು ಅಂಕಿಯಾಗಿ ಬರೆದು, ಅದರಿಂದ ಬಡಿತದ ಲಯ, ಬೇರಿಂಗಿನ ಶಾಖ ಮತ್ತು ಮಧ್ಯದ ಸಿಲಿಂಡರಿನ ಎಳೆತ ಮೂರೂ ಒಟ್ಟಿಗೆ ಬದಲಾಗುವಂತೆ ಮಾಡುವ ಕೆಲಸ ನಡೆದಿದೆ.