ದುರ್ಬಲ ಮಾಪನವನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡುವ ಬಗೆ

ಅಹರೊನೊವ್, ಆಲ್ಬರ್ಟ್ ಮತ್ತು ವೈಡ್‌ಮನ್ ಎಂಬ ಭೌತವಿಜ್ಞಾನಿಗಳು 1988ರಲ್ಲಿ ಮುಂದಿಟ್ಟ ದುರ್ಬಲ ಮಾಪನವನ್ನು, ಅಂದರೆ ಅಳೆಯುವ ವಸ್ತುವನ್ನು ತೀರ ಕಡಿಮೆ ಕದಡಿ ಒಂದು ಸಲಕ್ಕೆ ಅಲ್ಪ ಮಾಹಿತಿಯನ್ನಷ್ಟೇ ಪಡೆಯುವ ಅಳತೆಯನ್ನು, ಸಾಮಾನ್ಯ ಬೆಳಕಿನ ಪ್ರಯೋಗಾಲಯದಲ್ಲೇ ಮಾಡಿ ನೋಡಬಹುದು. 632.8 ನ್ಯಾನೊಮೀಟರ್‌ನ ಹೀಲಿಯಂ-ನಿಯಾನ್ ಲೇಸರ್, ಎರಡು ಉತ್ತಮ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಶೋಧಕ), ದೃಕ್ ಅಕ್ಷವು (ಹರಳಿನೊಳಗಿನ ಒಂದು ವಿಶೇಷ ದಿಕ್ಕು) ಮುಖಕ್ಕೆ 45 ಡಿಗ್ರಿ ಓರೆಯಾಗುವಂತೆ ಕತ್ತರಿಸಿದ 2 ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ಫಲಕ, ಲೆನ್ಸ್ ತೆಗೆದ ಕ್ಯಾಮೆರಾ ಇದ್ದರೆ ಸಾಕು.

ಈ ಫಲಕವು ಅಡ್ಡ ಮತ್ತು ಲಂಬ ಧ್ರುವೀಕರಣದ (ಕಂಪನ ದಿಕ್ಕಿನ) ಬೆಳಕನ್ನು ಸುಮಾರು 12 ಮೈಕ್ರೊಮೀಟರ್‌ನಷ್ಟು ಮಾತ್ರ ಬೇರ್ಪಡಿಸುತ್ತದೆ. ಕಿರಣದ ವ್ಯಾಸ 1 ಮಿಲಿಮೀಟರ್ ಇರುವುದರಿಂದ, ಫೋಟಾನ್ (ಬೆಳಕಿನ ಕಣ) ಬಿದ್ದ ಜಾಗವನ್ನು ನೋಡಿ ಅದರ ಧ್ರುವೀಕರಣವನ್ನು ಹೇಳಲಾಗದು. ಮಾಪನ ದುರ್ಬಲವಾಗುವುದು ಇದರಿಂದಲೇ.

ಮೊದಲ ಪೋಲರೈಸರನ್ನು 45 ಡಿಗ್ರಿಗೆ ನಿಲ್ಲಿಸಿ, ಫಲಕದ ನಂತರದ ಎರಡನೆಯದನ್ನು ಅದಕ್ಕೆ ಸರಿಯಾಗಿ ಅಡ್ಡಲಾಗಿ ತಿರುಗಿಸಬೇಕು. ಇಲ್ಲಿ ಆತುರ ಪಡಬಾರದು. ಫಲಕವನ್ನು ಕೂದಲೆಳೆಯಷ್ಟು ವಾಲಿಸುತ್ತಾ ಹೋದರೆ, ಒಂದು ಹಂತದಲ್ಲಿ ಕ್ಯಾಮೆರಾದ ಚುಕ್ಕೆ ನಡುವೆ ಕಪ್ಪು ಗೆರೆಯುಳ್ಳ ಎರಡು ಸಮನಾದ ಹಾಲೆಗಳಾಗಿ ಒಡೆಯುತ್ತದೆ. ಎರಡು ಧ್ರುವೀಕರಣಗಳ ನಡುವಿನ ಹಂತ ವ್ಯತ್ಯಾಸ (ಅಲೆಗಳ ಏರಿಳಿತದ ನಡುವಿನ ಅಂತರ) ಆಗ ಸರಿಹೊಂದಿದೆ ಎಂದರ್ಥ.

ಬಳಿಕ ಎರಡನೇ ಪೋಲರೈಸರನ್ನು ಅಲ್ಲಿಂದ 3 ಡಿಗ್ರಿ ಒಂದು ಕಡೆಗೆ, ಆಮೇಲೆ 3 ಡಿಗ್ರಿ ಇನ್ನೊಂದು ಕಡೆಗೆ ತಿರುಗಿಸಿ, ಎರಡೂ ಚಿತ್ರಗಳಲ್ಲಿ ಚುಕ್ಕೆಯ ಕೇಂದ್ರವನ್ನು ಗುರುತಿಸಬೇಕು. ದುರ್ಬಲ ಮೌಲ್ಯವು, ಅಂದರೆ ಚುಕ್ಕೆಯ ಸರಿತ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಸಂಖ್ಯೆಯು, ಆ ಕೋನದ ಕೋಟ್ಯಾಂಜೆಂಟ್, ಅಂದರೆ ಸುಮಾರು 19. ಆದ್ದರಿಂದ ನಡುಬಿಂದುವಿನಿಂದ 6 ಮೈಕ್ರೊಮೀಟರ್ (12ರ ಅರ್ಧ) ಇರಬೇಕಾದ ಸರಿತ ಎರಡೂ ಕಡೆಗೆ 110ರ ಆಸುಪಾಸಿಗೆ ಹಿಗ್ಗುತ್ತದೆ. ಇದಕ್ಕೆ ತೆರುವ ಬೆಲೆಯೆಂದರೆ, ಸಾವಿರದಲ್ಲಿ ಸುಮಾರು 3 ಪಾಲು ಬೆಳಕಷ್ಟೇ ದಾಟಿ ಬರುತ್ತದೆ. ಪೋಲರೈಸರ್ ತಿರುಗುವಾಗ ಕಿರಣವೇ ಅಲುಗುವುದುಂಟು. ಹಾಗಾಗಿ ಫಲಕವನ್ನು ತೆಗೆದು ಇದೇ ಅಳತೆಯನ್ನು ಮತ್ತೊಮ್ಮೆ ಮಾಡದೆ ಫಲಿತಾಂಶವನ್ನು ನಂಬಬಾರದು.

ಇದರಿಂದ ತರಂಗ-ಕಣ ದ್ವೈತದ ನಿಯಮ (ಕಣದ ದಾರಿ ತಿಳಿದಷ್ಟೂ ಅಲೆಯ ಗುಣ ಮಸುಕಾಗುತ್ತದೆ ಎಂಬುದು) ಮುರಿಯಿತೆಂಬ ಮಾತು ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ. ಗುರುತಿಸುವಿಕೆಯ (ಎರಡು ಧ್ರುವೀಕರಣಗಳನ್ನು ಎಷ್ಟು ಬೇರೆಯಾಗಿ ಹೇಳಬಹುದು ಎಂಬುದರ) ವರ್ಗ ಮತ್ತು ವ್ಯತಿಕರಣದ (ಅಲೆಗಳು ಒಂದರ ಮೇಲೊಂದು ಬೆರೆಯುವುದರ) ಸ್ಪಷ್ಟತೆಯ ವರ್ಗಗಳ ಮೊತ್ತ 1ನ್ನು ಮೀರದು. ನಮ್ಮ ಜೋಡಣೆಯಲ್ಲಿ (ವರ್ಗ ಮಾಡುವ ಮುನ್ನ) ಗುರುತಿಸುವಿಕೆ ಸುಮಾರು 0.024, ಸ್ಪಷ್ಟತೆ 0.9997, ದೊಡ್ಡ ಸರಿತ ಹುಟ್ಟುವುದೇ ಬಹುಪಾಲು ಉಳಿದಿರುವ ವ್ಯತಿಕರಣದಿಂದ. ಲೇಸರ್ ಬಳಸಿದಾಗ ಇಷ್ಟನ್ನೂ ಬೆಳಕನ್ನು ಅಲೆಯಾಗಿ ಕಾಣುವ ಮ್ಯಾಕ್ಸ್‌ವೆಲ್ ಸಮೀಕರಣಗಳೇ ವಿವರಿಸುತ್ತವೆ. ಕಣದ ಮಾತೆತ್ತಲು ಒಂಟಿ ಫೋಟಾನ್‌ಗಳೇ ಬೇಕು. ಟೊರಾಂಟೊದಲ್ಲಿ ಸ್ಟೈನ್‌ಬರ್ಗ್ ತಂಡ 2011ರಲ್ಲಿ ಪ್ರಕಟಿಸಿದ ಜೋಡಿ ಸೀಳಿನ ಪ್ರಯೋಗ ಅಂಥದ್ದು. ಅಲ್ಲಿ ದುರ್ಬಲ ಮಾಪನದಿಂದ ಮೂಡಿದ ಫೋಟಾನ್‌ಗಳ ಪಥಗಳು ಕೂಡ ಅಸಂಖ್ಯ ಫೋಟಾನ್‌ಗಳ ಸರಾಸರಿಯೇ ಹೊರತು ಯಾವುದೋ ಒಂದು ಫೋಟಾನ್ ನಡೆದ ದಾರಿಯಲ್ಲ.